ವೇಬ್ರಿಡ್ಜ್ ಕೆಟ್ಟ ದಿನದ ಆತ್ಮರಕ್ಷಣೆ

ವಿದೇಶಾಂಗ ಇಲಾಖೆಯ ಮಾನ್ಯ ಕಾನೂನು ಸಲಹೆಗಾರರೇ,

ನಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಒಬ್ಬ ಲಾರಿ ಡ್ರೈವರನ್ನು ಮಂಚಕ್ಕೆ ಬೇಡಿ ಹಾಕಿ ಮಲಗಿಸಿದ್ದಾರೆ. ಅವನು ಆಚೆ ದೇಶದ ಹೋರಾಟಗಾರ, ನಮ್ಮ ಆತ್ಮರಕ್ಷಣೆಯ ಕಾರ್ಯಾಚರಣೆಯಲ್ಲಿ ಗಾಯಗೊಂಡು ಸೆರೆಸಿಕ್ಕವನು ಎಂದು ನೀವು ಭದ್ರತಾ ಮಂಡಳಿಗೆ ಬರೆದಿದ್ದೀರಿ. ಅವನು ನಮ್ಮ ವೇಬ್ರಿಡ್ಜ್ ರಿಪೇರಿಯಾಗಲೆಂದು ಕಾಯುತ್ತಿದ್ದವನು. ಇಷ್ಟು ಹೇಳಲು ನಾನು ಹತ್ತದ ಕಚೇರಿಯಿಲ್ಲ. ಹತ್ತಿ ಇಳಿದು ಸಾಕಾಗಿ, ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಗಡಿಯ ಸುಂಕದ ಗೇಟಿನಲ್ಲಿ ತೂಕದ ವಿಭಾಗ ನೋಡಿಕೊಳ್ಳುವವಳು. ವೇಬ್ರಿಡ್ಜ್ ಅಂದರೆ ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು. ತೂಕವಾಗದೆ ಯಾವ ಲಾರಿಯೂ ಒಳಗೆ ಬರುವಂತಿಲ್ಲ. ನಿಯಮ ನಿಮ್ಮ ಸರ್ಕಾರದ್ದೇ. ಆ ವಾರ ಅದು ಕೆಟ್ಟಿತ್ತು. ಕೆಡುವುದು ಹೊಸದೇನಲ್ಲ. ಬಿಡಿಭಾಗ ರಾಜಧಾನಿಯಿಂದ ಬರಬೇಕು, ಬರುವುದಿಲ್ಲ. ಅಷ್ಟು ದಿನವೂ ಲಾರಿಗಳು ಗಡಿ ಸೇತುವೆಯ ಆಚೆ ತುದಿಯಲ್ಲಿ ಸಾಲುಗಟ್ಟುತ್ತವೆ. ಡ್ರೈವರುಗಳು ಲಾರಿಯ ಕೆಳಗೆ ಚಾಪೆ ಹಾಸಿ ಮಲಗುತ್ತಾರೆ, ಅಂಗಿ ಒಗೆದು ಪಕ್ಕದ ಕನ್ನಡಿಗೆ ನೇತುಹಾಕುತ್ತಾರೆ, ನಮ್ಮನ್ನು ಬಾಯ್ತುಂಬ ಬೈಯುತ್ತಾರೆ.

ಬೈಯದವನು ಒಬ್ಬನೇ. ಅವನನ್ನು ಗೇಟಿನವರೆಲ್ಲ ನಿಧಾನಪ್ಪ ಎಂದು ಕರೆಯುತ್ತೇವೆ, ಗಾಡಿಯನ್ನು ಹಾಗೆ ಓಡಿಸುತ್ತಾನೆಂದು. ಆ ಬೆಳಿಗ್ಗೆಯೂ ಅವನು ಸೇತುವೆಯ ಮೇಲೆ ನಡೆದು ನನ್ನ ಕಿಟಕಿಗೆ ಬಂದಿದ್ದ.

“ಏನಕ್ಕಾ, ನಿಮ್ಮ ತಕ್ಕಡಿಗೆ ಇನ್ನೂ ಜ್ವರ ಬಿಟ್ಟಿಲ್ವಾ?”

“ಬಿಡಿಭಾಗ ಬರ್ಬೇಕಪ್ಪ.”

“ಮಗಳ ಬಾಣಂತನಕ್ಕಾದ್ರೂ ಮನೆ ಸೇರ್ತೀನಾ?”

“ಅಯ್ಯೋ, ಹೆರಿಗೆ ಯಾವಾಗ?”

“ಅವಳಿಗಿನ್ನೂ ಮದುವೇನೇ ಆಗಿಲ್ಲ ಬಿಡಿ,” ಅಂದು ನಕ್ಕು ವಾಪಸು ಹೋದ.

ಮಧ್ಯಾಹ್ನ ನಮ್ಮ ವಿಮಾನಗಳು ಬಂದು ಆ ಸಾಲಿನ ಮೇಲೆ ಬಾಂಬು ಹಾಕಿದವು. ನನ್ನ ಕಿಟಕಿಯ ಗಾಜು ಮೇಜಿನ ಮೇಲೆ ಸುರಿಯಿತು. ಉಸಿರಿದ್ದವರನ್ನು ನಮ್ಮ ಗೇಟಿನ ಸಿಬ್ಬಂದಿಯೇ ಸೇತುವೆ ದಾಟಿ ಹೊತ್ತು ತಂದರು. ಹತ್ತಿರದ ಆಸ್ಪತ್ರೆ ನಮ್ಮದೇ. ಹಾಗೆ ಹೊತ್ತು ತಂದದ್ದನ್ನೇ ನೀವು ಸೆರೆ ಎಂದು ಕರೆದಿರಿ.

ಸಂಜೆ ಟಿವಿಯಲ್ಲಿ ಆಕಾಶದಿಂದ ತೆಗೆದ ಚಿತ್ರ ಬಂತು. ಗಡಿಯಲ್ಲಿ ವಾಹನಗಳ ಜಮಾವಣೆ, ಮುಸುಕು ಹಾಕಿದ ಉದ್ದನೆಯ ಕೊಳವೆಗಳು, ದಾಳಿ ಸನ್ನಿಹಿತ ಎಂದರು. ನನ್ನ ಮಾವ ಸೇನೆಯಲ್ಲಿ ವಯಸ್ಸು ಸವೆಸಿದವರು.

“ನೋಡಮ್ಮ, ಹೆಂಗೆ ಸೇರ್ಕೊಂಡಿದ್ರು! ನಾವು ಹೊಡೀದಿದ್ರೆ ಅವರು ನುಗ್ತಿದ್ರು,” ಅಂದರು.

“ಮಾವ, ಅದು ನಮ್ಮ ತೂಕದ ಕ್ಯೂ. ಮುಂದಿರೋ ಲಾರಿ ನಿಧಾನಪ್ಪಂದು.”

“ಮತ್ತೆ ಉದ್ದಕ್ಕೆ ಏನೋ ಮುಚ್ಕೊಂಡು ನಿಂತಿದಾರಲ್ಲ?”

“ಕುಡಿಯೋ ನೀರಿನ ಪೈಪು. ನಮ್ಮ ಪುರಸಭೆಯೇ ತರಿಸಿದ್ದು.”

ಮಾವ ಟಿವಿ ಆರಿಸಿದರು. ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಸಲಹೆಗಾರರೇ, ನೀವು ಆಧಾರವಾಗಿ ಹೇಳಿದ ವಿಶ್ವಸಂಸ್ಥೆಯ ಸನ್ನದಿನ ಐವತ್ತೊಂದನೆಯ ವಿಧಿಯನ್ನು ನಾನು ಓದಿದೆ. ಸಶಸ್ತ್ರ ದಾಳಿ ನಡೆದರೆ ತನ್ನನ್ನು ರಕ್ಷಿಸಿಕೊಳ್ಳುವ ಸಹಜ ಹಕ್ಕು ದೇಶಕ್ಕಿದೆ ಎನ್ನುತ್ತದೆ. ಆ ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಮನೆಗೆ ನುಗ್ಗಿದವನಿಗೆ ಕುರ್ಚಿ ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ದಾಳಿ ಎಲ್ಲಿ ನಡೆದಿತ್ತು? ಅದು ನಡೆಯದ್ದರಿಂದಲೇ ‘ಸನ್ನಿಹಿತ’ ಎಂಬ ವಿಶೇಷಣ ಬೇಕಾಯಿತು. ಕವಿತೆ ಓದುವ ಚಟದವಳು ನಾನು. ಭಾರವೆಲ್ಲ ಒಂದೇ ವಿಶೇಷಣದ ಮೇಲೆ ಬಿದ್ದಾಗ ಅನುಮಾನ ಬರುತ್ತದೆ. ಅಪಾಯ ಎದುರಿಗೇ ಬಂದು ನಿಂತು, ಬೇರೆ ದಾರಿಯೇ ಇಲ್ಲದಿದ್ದರೆ, ಯೋಚಿಸಲೂ ಪುರುಸೊತ್ತಿಲ್ಲದಿದ್ದರೆ ಮಾತ್ರ ಮೊದಲು ಕೈ ಎತ್ತಬಹುದು ಎನ್ನುತ್ತಾರೆ, ಅಷ್ಟಕ್ಕಾದರೂ ಒಪ್ಪುವ ಕಾನೂನು ಪಂಡಿತರು. ನಿಮಗೆ ಬೇರೆ ದಾರಿ ಇರಲಿಲ್ಲವೇ? ಗೇಟಿಗೆ ಒಂದು ಫೋನು ಮಾಡಬಹುದಿತ್ತು. ನಾನೇ ಎತ್ತುತ್ತಿದ್ದೆ. ಬಿಡಿಭಾಗದ ಸುದ್ದಿ ಬಂದೀತೆಂದು ದಿನವಿಡೀ ಅದರ ಪಕ್ಕದಲ್ಲೇ ಕೂತಿದ್ದೆ.

ಈಗ ಆಚೆ ದೇಶದ ಸಲಹೆಗಾರರೂ ಭದ್ರತಾ ಮಂಡಳಿಗೆ ಬರೆದಿದ್ದಾರೆ. ಅದೇ ವಿಧಿ, ಅದೇ ಹಕ್ಕು. ಅವರ ಶೆಲ್ಲುಗಳು ನಮ್ಮ ಬೀದಿಯ ಕೊನೆಗೆ ಬೀಳುತ್ತಿವೆ, ನಾವು ನೆಲಮಾಳಿಗೆಯಲ್ಲಿ ಅಡುಗೆ ಮಾಡುತ್ತಿದ್ದೇವೆ. ಎರಡು ದೇಶಗಳೂ ರಕ್ಷಣೆಯಲ್ಲೇ ತೊಡಗಿವೆ; ದಾಳಿ ಮಾಡುತ್ತಿರುವವರು ಮಾತ್ರ ಎಲ್ಲೂ ಸಿಗುತ್ತಿಲ್ಲ.

ಕಳೆದ ವಾರ ನಿಧಾನಪ್ಪನನ್ನು ನೋಡಿಬಂದೆ. ಎಡಗಾಲು ಮೊಣಕಾಲಿನವರೆಗಷ್ಟೇ ಇದೆ. ಓಡಿಹೋದಾನೆಂದು ಕೈಗೆ ಬೇಡಿ. “ಬೇಗ ಮುಗಿಸಿ ಮೇಡಂ, ನನ್ನ ಕೆಲಸ ಹೋಗತ್ತೆ,” ಎಂದು ಕಾವಲಿನವನು ಗೋಡೆಯ ಕಡೆ ತಿರುಗಿ ನಿಂತ.

“ಅಕ್ಕಾ, ವಿಚಾರಣೆಗೆ ಬಂದೋರು ‘ನಿಂದು ಯಾವ ದಳ’ ಅಂತ ಕೇಳ್ತಾರೆ,” ಅಂದ ನಿಧಾನಪ್ಪ. “ಲಾರಿ ಚಾಲಕರ ಸಂಘ ಅಂದೆ. ಅದನ್ನೂ ಬರ್ಕೊಂಡ್ರು.”

ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡೆ. ಅವನೇ ಮುಂದುವರಿಸಿದ: “ಮನೇಲಿ ನಾನು ಸತ್ತೆ ಅಂದ್ಕೊಂಡಿರ್ತಾರೆ. ಬದುಕಿದೀನಿ ಅನ್ನೋ ಒಂದು ಮಾತು ತಲುಪಿಸ್ತೀರಾ?”

ಆ ಒಂದು ಮಾತಿಗಾಗಿ ನಿಮ್ಮ ಇಲಾಖೆಗೆ ಹೋದೆ. ಶತ್ರುದೇಶದವರ ಜೊತೆ ಸಂಪರ್ಕ ಅಪರಾಧ ಎಂದರು, ನನ್ನ ಗುರುತಿನ ಚೀಟಿ ತಿರುವಿ ನೋಡಿದರು.

ತಪ್ಪಾಯಿತೆಂದು ದೇಶ ಒಪ್ಪಿಕೊಳ್ಳಲಿ ಎಂದು ಕೇಳುವಷ್ಟು ಚಿಕ್ಕವಳಲ್ಲ ನಾನು. ಭದ್ರತಾ ಮಂಡಳಿಗೆ ಇನ್ನೊಂದು ಪತ್ರ ಬರೆಯಿರಿ. ಈ ಮನುಷ್ಯ ಡ್ರೈವರ್ ಎಂದು ಅದರಲ್ಲಿ ಹೇಳಿ. ಬೇಡಿ ಬಿಚ್ಚಿಸಿ. ಅವನು ಬದುಕಿರುವ ಸುದ್ದಿಯನ್ನು ಇಂದೇ ಅವನ ಮನೆಗೆ ಮುಟ್ಟಿಸಿ, ರೆಡ್‌ಕ್ರಾಸ್‌ನವರ ಕೈಯಲ್ಲಿ ಅವನನ್ನೂ ಕಳಿಸಿಕೊಡಿ. ಇದರಿಂದ ದೇಶದ ರಕ್ಷಣೆಗೆ ಯಾವ ಕುಂದೂ ಬಾರದು.

ಹೊರಡುವಾಗ ಅವನಿಗೆ ಹೇಳಿದೆ, ದೊಡ್ಡವರಿಗೆ ಪತ್ರ ಬರೆಯುತ್ತೇನೆಂದು. “ಬರೀರಿ ಅಕ್ಕಾ,” ಅಂದ. “ಅವರು ಓದ್ತಾರೆ ತಾನೆ?”

ಓದುತ್ತಾರೆ ಎಂದು ನಿಮ್ಮ ಪರವಾಗಿ ಮಾತು ಕೊಟ್ಟು ಬಂದಿದ್ದೇನೆ.

ಇಂತಿ,
ನೀವು ರಕ್ಷಿಸಿದವರಲ್ಲಿ ಒಬ್ಬಳು