ಗೆಳತಿಯ ತಲೆಯಳತೆ

ಭಾನುವಾರ, ಬೆಳಿಗ್ಗೆ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಪುಟ್ಟಿಗೆ,

ಸೂಜಿ ಕೆಳಗಿಟ್ಟು ಪೆನ್ನು ಹಿಡಿದಿರುವ ಅಮ್ಮನ ಆಶೀರ್ವಾದ.

ನಿನ್ನ ಗೆಳತಿಯ ಟೋಪಿ ಬಹುಪಾಲು ಮುಗಿದಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಚೆನ್ನಾಗಿದ್ದೀನಿ, ಊಟ ಆಯ್ತು, ಆಮೇಲೆ ಮಾತಾಡ್ತೀನಿ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತೀಯ. ಮುಖವನ್ನಾದರೂ ನೋಡೋಣವೆಂದರೆ ಕ್ಯಾಮೆರಾ ಕೆಟ್ಟಿದೆ ಅನ್ನುತ್ತೀಯ. ಕಳೆದ ಚಳಿಗಾಲದ ಕೊನೆಯಲ್ಲಿ ಕೆಟ್ಟದ್ದು, ಇನ್ನೂ ಸರಿಯಾಗಿಲ್ಲ. ಪತ್ರದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನೂ ಎದ್ದು ನೀರು ಕುಡಿದು ಬಂದು ಮುಂದಿನ ಸಾಲಿಗೆ ಹೋಗಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಬಿಸಿಲು. ಬೇಸಿಗೆಯಲ್ಲಿ ತುಪ್ಪಳದ ಟೋಪಿಯ ಅಂಗಡಿ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಬಾಗಿಲು ತೆರೆದೇ ಇರುತ್ತದೆ, ಒಳಗೆ ಬರುವುದು ರಸ್ತೆಯ ಧೂಳೊಂದೇ. ನಿಮ್ಮಪ್ಪ ಇದ್ದಾಗ ಈ ತಿಂಗಳುಗಳಲ್ಲಿ ಹಳೆಯ ಟೋಪಿಗಳ ಹೊಲಿಗೆ ಬಿಚ್ಚಿ ಸರಿಮಾಡುತ್ತಿದ್ದೆವು. ಒಂದೇ ಹಲಗೆಯ ಆ ಕಡೆ ಅವರು, ಈ ಕಡೆ ನಾನು. ಈಗಲೂ ನಾನು ನನ್ನ ಕಡೆಯಲ್ಲೇ ಕೂರುತ್ತೇನೆ. ಅವರ ಕಡೆಗೆ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆ, ಅಲ್ಲಿಗೆ ಹೋಗು ಎಂದು ಕಣ್ಣು ಹೇಳುತ್ತದೆ. ಕಾಲು ಕೇಳುವುದಿಲ್ಲ.

ಅಟ್ಟದ ಮೇಲಿನ, ಒಬ್ಬೊಬ್ಬ ಗಿರಾಕಿಯ ತಲೆಯಳತೆಗೆ ನಿಮ್ಮಪ್ಪ ಕೆತ್ತಿದ ಮರದ ಅಚ್ಚುಗಳನ್ನು ದಿನವೂ ಒರೆಸುತ್ತೇನೆ. ತೀರಿಕೊಂಡ ಗಿರಾಕಿಯ ಅಚ್ಚನ್ನು ಒಲೆಗೆ ಹಾಕದೆ, ಹಣೆಯನ್ನು ಗೋಡೆಗೆ ತಿರುಗಿಸಿ ಇಡುವುದು ನಿಮ್ಮಪ್ಪನ ಪದ್ಧತಿ ತಾನೆ? ಈಗ ಹಣೆ ತೋರಿಸುವವರಿಗಿಂತ ಬೆನ್ನು ತೋರಿಸುವವರೇ ಹೆಚ್ಚು. ಒರೆಸುವಾಗ ಎಲ್ಲರ ಜೊತೆಯೂ ಒಂದೆರಡು ಮಾತಾಡುತ್ತೇನೆ. ಚೌಕಾಸಿ ಇಲ್ಲ, ಬಿಗಿಯಾಯಿತು ಸಡಿಲವಾಯಿತು ಎಂಬ ತಕರಾರಿಲ್ಲ. ಇಂಥ ಒಳ್ಳೆಯ ಗಿರಾಕಿಗಳು ಬದುಕಿರುವವರಲ್ಲಿ ಸಿಗುವುದಿಲ್ಲ.

ಬದುಕಿರುವವರಲ್ಲಿ ನನ್ನನ್ನು ದಿನಾ ಮಾತಾಡಿಸುವವನೆಂದರೆ ಎದುರಿನ ಗಡಿಯಾರ ರಿಪೇರಿಯವನೊಬ್ಬನೇ. ನಿನ್ನ ಗೆಳತಿಯ ಟೋಪಿಗೆಂದು ನಾನು ಬಿಸಿಲಿನಲ್ಲಿ ಚರ್ಮ ಹರಡಿದ್ದನ್ನು ನೋಡಿ, ತನ್ನ ಹಳೇ ಹಾಸ್ಯವನ್ನೇ ಮತ್ತೆ ಕೀಲಿ ಕೊಟ್ಟು ಬಿಟ್ಟ. ‘ಏನಕ್ಕಾ, ಈ ಬಿಸಿಲಲ್ಲಿ ಯಾರಿಗೆ ಟೋಪಿ ಹಾಕೋಕೆ ಹೊರಟಿದ್ದೀಯ?’ ನಿನಗೇ ಹಾಕೋಣ ಅಂತಿದ್ದೆ, ಒಳಗೆ ಏನೂ ಇಲ್ಲದ ತಲೆ ಮೇಲೆ ನಿಲ್ಲೋದಿಲ್ಲವಲ್ಲಪ್ಪ ಎಂದೆ. ಅವನು ನಗುತ್ತಾ ಒಳಗೆ ಹೋದ. ಅವನ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು. ಇಂಥ ಬಿಸಿಲಿನಲ್ಲಿ ಯಾರ ತಲೆಗೆ ಚಳಿಯಾಗುತ್ತದೆ?

ಗೆಳತಿಯ ತಲೆಯಳತೆ ಎಂದು ನೀನು ಕಳಿಸಿದ ದಾರ ನಮ್ಮ ಅಂಗಡಿಯ ಕ್ರಮದಲ್ಲೇ ಇತ್ತು. ಹಣೆಯ ನಡುವಿನಿಂದ ಹೊರಟು, ಎರಡು ಕಿವಿಗಳ ಮೇಲೆ ಒಂದೊಂದು ಗಂಟು, ಕುತ್ತಿಗೆಯ ಗುಳಿಗೆ ಒಂದು ಗಂಟು. ಎಡಬಲ ಅದಲುಬದಲಾಗದಿರಲೆಂದು ಬಲಗಿವಿಗೆ ಜೋಡಿಗಂಟು. ಟೇಪು ಸುತ್ತಳತೆಯನ್ನಷ್ಟೇ ಹೇಳುತ್ತದೆ, ಗಂಟಿನ ದಾರ ತಲೆಯ ಆಕಾರವನ್ನೂ ಹೇಳುತ್ತದೆ ಎಂದು ನಿನಗೆ ಕಲಿಸಿದವಳು ನಾನೇ. ಎರಡೂ ಕಡೆ ಸಮನಾಗಿರುವ ತಲೆಯನ್ನು ನಾನಂತೂ ಇನ್ನೂ ನೋಡಿಲ್ಲ.

ಹೊಸ ತಲೆಯ ಅಳತೆ ಬಂದಾಗ ಹೊಸ ಅಚ್ಚು ಕೆತ್ತಲು ಈಗ ನಿಮ್ಮಪ್ಪ ಇಲ್ಲ. ಇರುವುದರಲ್ಲೇ ಹತ್ತಿರದ್ದನ್ನು ಹುಡುಕಿ, ತುಂಡು ಚರ್ಮ ಅಂಟಿಸಿ ಸರಿಮಾಡಿಕೊಳ್ಳುತ್ತೇನೆ. ಹಾಗೆಯೇ ನಿನ್ನ ಗೆಳತಿಯ ದಾರವನ್ನು ಒಂದೊಂದಾಗಿ ಅಚ್ಚುಗಳಿಗೆ ಸುತ್ತಿ ನೋಡಿದೆ. ಒಬ್ಬರದ್ದಕ್ಕೆ ಹಣೆ ಕೂಡಿದರೆ ಕಿವಿ ಕೂಡುತ್ತಿರಲಿಲ್ಲ. ಕೊನೆಗೆ, ಇದಾಗದು ಎಂದುಕೊಂಡೇ, ನಿನ್ನ ಅಚ್ಚನ್ನು ಇಳಿಸಿದೆ. ಅದಕ್ಕೂ ಆಗಲಿಲ್ಲ. ದಾರದ ತುದಿಗಳು ಹಣೆಯ ಮೇಲೆ ಕೂಡದೆ ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು.

ಅಚ್ಚನ್ನು ತಿರುಗಿ ಮೇಲಿಡುವಾಗ, ಅದರ ಹಿಂಬದಿಯ ದಾರದ ಕಟ್ಟು ಕೈಗೆ ಸಿಕ್ಕಿತು.

ನಿನಗೆ ಜ್ಞಾಪಕವಿರಬಹುದು. ನೀನು ಈ ಊರು ಬಿಡುವ ಮುಂಚೆ ನಿಮ್ಮಪ್ಪ ನಿನ್ನನ್ನು ತಲೆ ನೆನೆಸಿಕೊಂಡು ಬಾ ಎಂದು ಕೂರಿಸಿ, ಒದ್ದೆ ಕೂದಲನ್ನು ಬೆರಳಿನಿಂದ ಸರಿಸಿ ಸರಿಸಿ ಬರಿಯ ಬುರುಡೆಯ ಅಳತೆ ತೆಗೆದಿದ್ದರು. ನೀನು ಕಚಗುಳಿಯಾಗುತ್ತದೆಂದು ನಗುತ್ತಿದ್ದೆ. ಮೊದಲು ಬರಿಯ ತಲೆಯನ್ನು ಕೆತ್ತಿ, ಕೂದಲಿನ ಲೆಕ್ಕಕ್ಕೆ ಮೇಲೊಂದು ತೆಳು ಚರ್ಮ ಸುತ್ತಿ, ಹಿಂದೆ ಕಟ್ಟು ಹಾಕುವುದು ಅವರ ರೀತಿ. ಹೆಂಗಸರ ಕೂದಲು ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ, ತಲೆ ಮಾತ್ರ ಎಲ್ಲೂ ಹೋಗುವುದಿಲ್ಲ ಎನ್ನುತ್ತಿದ್ದರು.

ಕಟ್ಟು ಬಿಚ್ಚಿದೆ. ಚರ್ಮದ ಪದರ ಕಳಚಿ ಹಲಗೆಯ ಮೇಲಿಟ್ಟೆ. ದಾರವನ್ನು ಇನ್ನೊಮ್ಮೆ ಸುತ್ತಿದೆ. ತುದಿಗಳು ಕೂಡಿದವು. ಕುತ್ತಿಗೆಯ ಗಂಟು ಗುಳಿಯಲ್ಲಿ ಹೋಗಿ ಕೂತಿತು. ಜೋಡಿಗಂಟು ಬಲಗಿವಿಯ ಮೇಲೆ ಬಂತು. ಎಡಗಡೆ ಹಿಂದೆ ತಲೆ ಸ್ವಲ್ಪ ಚಪ್ಪಟೆಯಾಗಿರುವ ಕಡೆ ದಾರವೂ ಅಷ್ಟೇ ಕಡಿಮೆ ಇತ್ತು. ಆ ಚಪ್ಪಟೆ ಎಲ್ಲಿಂದ ಬಂತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೊಟ್ಟಿಲಿನಲ್ಲಿ ಯಾವ ಕಡೆ ಮಲಗಿಸಿದರೂ ಎಡಕ್ಕೇ ಹೊರಳುತ್ತಿದ್ದ ಮಗುವಿನದು ಅದು. ಅಪ್ಪ ಹಲಗೆಗೆ ಮೊಳೆ ಹೊಡೆಯುವ ಸದ್ದು ಆ ಕಡೆಯಿಂದ ಬರುತ್ತಿತ್ತು.

ನಾನು ಕೂತುಬಿಟ್ಟೆ. ಎದುರಿನವನು ತನ್ನ ಬಾಗಿಲಿನಿಂದಲೇ ಕೇಳಿದ. ‘ಯಾಕಕ್ಕಾ, ಸೂಜಿ ಚುಚ್ಚಿತಾ?’

‘ಹೂಂ’ ಎಂದೆ.

ಊರಿಗೆಲ್ಲ ಟೋಪಿ ಹಾಕಿದವಳಿಗೇ ನನ್ನ ಮಗಳು ಟೋಪಿ ಹಾಕಲು ನೋಡಿದಳಲ್ಲ ಎಂದು ನನಗೆ ನಗು ಬರಬೇಕಿತ್ತು. ಬರಲಿಲ್ಲ. ನೀನು ಚಿಕ್ಕವಳಿದ್ದಾಗ ಚರ್ಮದ ಸೂಜಿ ಬೆರಳಿಗೆ ಹೊಕ್ಕಿದ್ದೇ ನೆನಪಾಯಿತು. ಅತ್ತರೆ ಅಮ್ಮ ಇನ್ನು ಹಲಗೆಯ ಹತ್ತಿರ ಸೇರಿಸುವುದಿಲ್ಲವೆಂದು, ನೀನು ಬೆರಳಿಗೆ ದಾರ ಬಿಗಿದು ಸಂಜೆಯವರೆಗೆ ಹೊಲಿಯುತ್ತಾ ಕೂತಿದ್ದೆ. ಅಸ್ತರಿನ ಬಿಳಿ ಬಟ್ಟೆಯ ಮೇಲಿನ ಕಲೆ ನೋಡಿ ನನಗೆ ತಿಳಿದದ್ದು. ನೀನು ಬದಲಾಗಿಲ್ಲ.

ಇರಲಿ. ನೀನು ಗೆಳತಿ ಎಂದು ಬರೆದಿದ್ದೀಯ, ನಾನೂ ಗೆಳತಿ ಎಂದೇ ಬರೆಯುತ್ತೇನೆ. ನಿನಗೆ ಹಾಗೆ ಸುಲಭವಾದರೆ ನನಗೂ ಹಾಗೇ ಆಗಲಿ. ಒಂದು ಮಾತು ಮಾತ್ರ. ಟೋಪಿ ಪೇಟೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಅಷ್ಟು ದೂರದಿಂದ ನನಗೇ ದಾರ ಕಳಿಸುವಾಗ ಅಪ್ಪ ನಿನ್ನ ಅಚ್ಚಿಗೆ ಸುತ್ತಿದ ಚರ್ಮದ ಪದರ ನಿನಗೆ ಮರೆತಿತ್ತು ಎಂದು ನಾನು ನಂಬುವುದಿಲ್ಲ.

ಟೋಪಿಯ ವಿಷಯ ಹೇಳುತ್ತೇನೆ, ನಿನ್ನ ಗೆಳತಿಗೆ ತಿಳಿಸು. ಮೊದಲು ಮೊಲದ ತುಪ್ಪಳ ತೆಗೆದುಕೊಂಡಿದ್ದೆ. ಅದರಷ್ಟು ಹಗುರ ಬೇರೆ ಯಾವುದೂ ಇಲ್ಲ. ಕತ್ತರಿಸುವ ಮುಂಚೆ ಅಂಗೈಯಿಂದ ಸವರಿದೆ. ಕೈಗೆ ನಾಲ್ಕಾರು ಕೂದಲು ಬಂತು. ಮೊಲ ಎಷ್ಟೇ ಒಳ್ಳೆಯದಾದರೂ ಉದುರುತ್ತದೆ. ಬೆಳಿಗ್ಗೆ ಎದ್ದು ದಿಂಬಿನ ಮೇಲೆ ಕೂದಲು ನೋಡುವುದು ಅವಳಿಗೆ ಇನ್ನು ಬೇಡ. ಅದನ್ನು ಸುತ್ತಿ ಒಳಗಿಟ್ಟೆ.

ಕುರಿಮರಿಯ ಚರ್ಮ ಹಿಡಿದೆ. ಅದರ ಗುಂಗುರು ಉದುರುವುದಿಲ್ಲ, ಆದರೆ ಭಾರ. ಒಳಬದಿಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದೆ. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣಬೇಕು, ಅಷ್ಟು. ಕತ್ತರಿ ಮುಟ್ಟಿಸಿಲ್ಲ, ಹಿಂಬದಿಯಿಂದ ಬ್ಲೇಡಿನಲ್ಲಿ ಚರ್ಮವನ್ನಷ್ಟೇ ಸೀಳಿದ್ದೇನೆ. ಒಂದು ಎಳೆ ಕೂದಲೂ ತುಂಡಾಗಿಲ್ಲ. ಹಣೆಗೆ ಹಾಕುವ ಚರ್ಮದ ಒಳಪಟ್ಟಿಯನ್ನು ಬಿಟ್ಟೇಬಿಟ್ಟೆ. ಕೂದಲಿರುವವರಿಗೆ ಅದು ಹಿಡಿತ, ಇಲ್ಲದವರಿಗೆ ಗಾಯ. ಬದಲಿಗೆ ನನ್ನ ಹಳೆಯ ಹತ್ತಿ ಸೀರೆಯನ್ನು ಕುದಿಸಿ ಒಣಗಿಸಿ ಅಸ್ತರು ಮಾಡಿದ್ದೇನೆ. ತಿಳಿ ಹಳದಿಯದು, ನೀನು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದದ್ದು. ಹೊಲಿಗೆಯೆಲ್ಲ ಚರ್ಮದ ಕಡೆಗಿದೆ, ತಲೆಯ ಕಡೆ ಒಂದು ಗಂಟೂ ತಾಗುವುದಿಲ್ಲ.

ಇದೆಲ್ಲ ನನಗೆ ತಿಳಿದದ್ದು ಸಂಗೀತದ ಮೇಷ್ಟರ ಹೆಂಡತಿಯಿಂದ. ಅವರು ತಲೆಗೆ ಬಟ್ಟೆ ಸುತ್ತಿಕೊಂಡು ಬಂದಿದ್ದು, ಒಂದು ಗುಟುಕು ನೀರು ಕೇಳಿದ್ದು, ಬಟ್ಟೆ ಬಿಚ್ಚುವಾಗ ನಿಮ್ಮಪ್ಪ ಎದ್ದು ಹೊರಗೆ ಹೋಗಿದ್ದು, ಅದೆಲ್ಲ ನೀನು ಊರು ಬಿಟ್ಟ ಮೇಲಿನ ಮಾತು. ಅದಕ್ಕೇ, ಯಾವ ಮದ್ದು ಕೂದಲು ಉದುರಿಸುತ್ತದೆ, ಅದನ್ನು ಯಾವ ಕಾಯಿಲೆಗೆ ಕೊಡುತ್ತಾರೆ ಎಂದು ನಿನ್ನ ಗೆಳತಿ ನನಗೆ ವಿವರಿಸಬೇಕಾಗಿಲ್ಲ. ಆ ತಾಯಿ ಮರುವರ್ಷ ಮತ್ತೆ ಬಂದರು. ಬಂದದ್ದು ಜಗಳಕ್ಕೆ. ‘ಏನ್ರೀ ನಿಮ್ಮ ಟೋಪಿ, ಇಷ್ಟು ಬೇಗ ಬಿಗಿ ಆಯ್ತಲ್ಲ’ ಎಂದು ಹಲಗೆಯ ಮೇಲೆ ಇಟ್ಟರು. ತಲೆಯ ತುಂಬ ಹೊಸ ಕೂದಲು, ಮೊದಲಿಲ್ಲದ ಗುಂಗುರು. ಗಿರಾಕಿಯ ಬೈಗುಳ ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿಸಿಲ್ಲ. ಅವರ ಅಚ್ಚು ಇವತ್ತಿಗೂ ನನ್ನ ಕಡೆಗೇ ಹಣೆ ಮಾಡಿ ಕೂತಿದೆ.

ಆವತ್ತು ಟೋಪಿಯನ್ನು ದೊಡ್ಡದು ಮಾಡಲು ಜಾಗವಿರಲಿಲ್ಲ. ಈ ಸಲ ಜಾಗ ಬಿಟ್ಟಿದ್ದೇನೆ. ಹಿಂಬದಿಯ ಹೊಲಿಗೆಯೊಳಗೆ ಒಂದು ಬೆರಳಿನಷ್ಟು ಚರ್ಮ ಮಡಚಿ, ಹತ್ತಿಯ ಕೆಳಗೆ ಅಡಗಿಸಿದ್ದೇನೆ. ದಾರದ ತುದಿಗಳ ನಡುವೆ ಉಳಿದಿತ್ತಲ್ಲ, ಅದೇ ಬೆರಳಿನಷ್ಟು. ಸಮಯ ಬಂದಾಗ ಬಿಚ್ಚಿದರಾಯಿತು.

ಇನ್ನು, ನಿನ್ನ ಗೆಳತಿಗೆ ತಾಯಿ ಇದ್ದಾಳೆಯೇ? ಇದ್ದರೆ ಅವಳಿಗೆ ತಿಳಿಸಿದ್ದಾಳೆಯೇ? ಆಸ್ಪತ್ರೆಗೆ ಹೋಗುವ ದಿನ ಅವಳ ಜೊತೆ ಯಾರು ಕೂರುತ್ತಾರೆ, ಬಂದ ಮೇಲೆ ಗಂಜಿ ಯಾರು ಕಾಯಿಸುತ್ತಾರೆ? ಅಮ್ಮ ಒಬ್ಬಳೇ ಇದ್ದಾಳೆ, ಹೇಳಿದರೆ ಎದೆ ಒಡೆದುಕೊಂಡಾಳು ಎಂದು ಅವಳು ಅಂದುಕೊಂಡಿರಬಹುದು. ಒಬ್ಬಳೇ ಇರುವವಳಿಗೆ ಮಾಡಲು ಬೇರೆ ಏನಿದೆ ಎಂದು ನೀನೇ ಅವಳಿಗೆ ಬುದ್ಧಿ ಹೇಳು. ಅವಳಮ್ಮ ಅಳುವುದಿದ್ದರೆ ಇಲ್ಲೇ ಅತ್ತು ಮುಗಿಸಿಯೇ ಬರುತ್ತಾಳೆ. ಅಲ್ಲಿ ಬಂದು ಪ್ರಶ್ನೆ ಕೇಳಿ ಪ್ರಾಣ ತಿನ್ನುವುದಿಲ್ಲ. ಒಂದು ಮೂಲೆಯಲ್ಲಿ ಏನಾದರೂ ಹೊಲಿಯುತ್ತಾ ಕೂತಿರುತ್ತಾಳೆ. ಅವಳು ಒಂದು ಮಾತು ಕರೆದರೆ ಸಾಕು ಎಂದು ನಾನು ಹೇಳಿದೆನೆಂದು ಹೇಳು.

ನಿನ್ನ ಅಚ್ಚನ್ನು ಅಟ್ಟದ ಮೇಲೆ ಇಡಲು ಕೈ ಬರಲಿಲ್ಲ. ಅಡುಗೆಮನೆಯ ಮೇಜಿನ ಮೇಲಿದೆ, ನನ್ನ ತಟ್ಟೆಯ ಎದುರಿಗೆ, ಹಣೆ ನನ್ನ ಕಡೆಗೆ. ಕಳಚಿದ ಪದರಕ್ಕೆ ಎಣ್ಣೆ ಸವರಿ ಮೆತ್ತಗೆ ಮಾಡಿ ಇಟ್ಟಿದ್ದೇನೆ. ಚರ್ಮ ಒಣಗಲು ಬಿಟ್ಟರೆ ಸೆಟೆದುಕೊಳ್ಳುತ್ತದೆ, ಆಮೇಲೆ ಸುತ್ತಲು ಬರುವುದಿಲ್ಲ.

ಊಟ ಆಯ್ತು ಎಂದು ಸುಳ್ಳು ಹೇಳಬೇಡ. ಸೇರದಿದ್ದರೆ ಸೇರಲಿಲ್ಲ ಎನ್ನು.

ಇಂತಿ,
ನಿನ್ನ ಅಳತೆ ಬಲ್ಲ
ಅಮ್ಮ

ಮರೆತದ್ದು: ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ಈ ಪತ್ರದ ಜೊತೆ ಟೋಪಿ ಬರಲಿಲ್ಲವೆಂದು ಅಂಚೆಯವನ ಮೇಲೆ ರೇಗಬೇಡ. ಅದು ನನ್ನ ಚೀಲದಲ್ಲಿದೆ. ಅಸ್ತರನ್ನು ಕಚ್ಚಾ ಹೊಲಿಗೆಯಲ್ಲಷ್ಟೇ ಹಿಡಿಸಿದ್ದೇನೆ, ಕೊನೆಯ ಹೊಲಿಗೆಯನ್ನು ತಲೆಯ ಮೇಲಿಟ್ಟು ನೋಡಿಯೇ ಹಾಕಬೇಕು. ಅಂಗಡಿಯ ಬೀಗದ ಕೈಯನ್ನು ಎದುರಿನವನಿಗೆ ಕೊಟ್ಟಾಯಿತು. ಎಂದು ಬರುತ್ತೀಯಕ್ಕಾ ಎಂದು ಕೇಳಿದ, ಟೋಪಿ ಬಿಗಿಯಾದ ಮೇಲೆ ಎಂದೆ. ಬುಧವಾರ ಬೆಳಗಿನ ರೈಲಿಗೆ ಇಳಿಯುತ್ತೇನೆ. ಕರೆಯಲು ಬರಬೇಡ, ವಿಳಾಸ ಗೊತ್ತಿದೆ. ನಿನ್ನ ಗೆಳತಿಗೆ ಅವತ್ತು ನಿನ್ನ ಮನೆಗೆ ಬರಲು ಹೇಳು. ಅವಳಿಗೆ ಬರಲಾಗದಿದ್ದರೂ ಪರವಾಗಿಲ್ಲ, ನಿನ್ನ ತಲೆಗೇ ಇಟ್ಟು ನೋಡುತ್ತೇನೆ.