ಹಲ್ಲಿ ಯಾಕೆ ಬೀಳುತ್ತದೆ

ಜೂನ್ 9, ಸಂಜೆ 7.10
ಟ್ಯೂಬ್‌ಲೈಟ್ ಹಾಕಿದ ಐದೇ ನಿಮಿಷಕ್ಕೆ ದಪ್ಪನೆಯ ಹಲ್ಲಿ ಹೊರಬಂತು. ದಿನಾ ಕ್ಯಾಲೆಂಡರ್ ಹಿಂದಿನಿಂದಲೇ. ಸಣ್ಣದು ಕಿಟಕಿ ಕಡೆಯಿಂದ. ಮಳೆಹುಳ ಸಿಕ್ಕಾಪಟ್ಟೆ.
ಹೆಂಡತಿ ಪ್ರಮಿಳಾ ಖಾನಾಪುರದ ಈ ಮನೆ ಬಿಟ್ಟು ಬೆಳಗಾವಿಯ ತವರಿಗೆ ಹೋಗಿ ಇವತ್ತಿಗೆ ಐವತ್ತೆರಡು ದಿನ.

ಜೂನ್ 12
ಬೀಡಿ ಗ್ರಾಮದಲ್ಲಿ ಜಮೀನು ಸರ್ವೆ ಮುಗಿಸಿ ಬರುವಷ್ಟರಲ್ಲಿ ಸಂಜೆ. ಅಡುಗೆ ಮಾಡಲಿಲ್ಲ. ಚುರುಮುರಿ ತಿಂದೆ.
ಬರೆದೇ ಬಿಡುತ್ತೇನೆ. ಏಪ್ರಿಲ್‌ನಲ್ಲಿ ಪ್ರಮಿಳಾಳ ಹೆಗಲ ಮೇಲೆ ಹಲ್ಲಿ ಬಿತ್ತು. ಆಗ ಅವಳಿಗೆ ಐದು ತಿಂಗಳು. ಎಂಟು ದಿನಕ್ಕೆ ಕೂಸು ಹೋಯಿತು. ಆಸ್ಪತ್ರೆಯಿಂದ ಬಂದ ದಿನವೇ ಅವ್ವ ಅವಳೆದುರು ಅಂದಳು— "ಹಲ್ಲಿ ಬಿದ್ದಾಗ ತಲಿಗೆ ನೀರ ಹಾಕ್ಕೊಂಡು ದೀಪಾ ಹಚ್ಚು ಅಂದಿದ್ದೆ. ಕೇಳಲಿಲ್ಲ."
ನಾನು ಅಲ್ಲೇ ಕುಳಿತಿದ್ದೆ. ಮೊಬೈಲ್ ನೋಡುತ್ತಾ.

ಜೂನ್ 13
ಗಾಜಿನ ಮೇಲೂ ನಡೆಯುವ ಪ್ರಾಣಿ. ಯಾಕೆ ಬೀಳುತ್ತದೆ? ನೋಡಬೇಕು.

ಜುಲೈ 2, 7.40
ಸಣ್ಣದು ದೀಪದ ಹತ್ತಿರ ಬಂದರೆ ದಪ್ಪನೆಯದು ಬಾಲ ಅಲ್ಲಾಡಿಸುತ್ತದೆ. ಲೊಚಗುಟ್ಟುತ್ತದೆ. ಆಮೇಲೆ ಮೈಮೇಲೆ ಏರಿ ಹೋಗುತ್ತದೆ. ಕಚ್ಚಾಡಿ ಬೀಳುತ್ತವೆ. ಮೂರು ವಾರದಲ್ಲಿ ನಾಲ್ಕು ಸಲ, ನಾಲ್ಕೂ ಸಲ ಜಗಳವೇ.
ಇವತ್ತು ಒಂದು ನನ್ನ ಕೊರಳ ಮೇಲೇ ಬಿತ್ತು. ತಣ್ಣಗಿತ್ತು. ಅವತ್ತು ಇದೇ ಕುರ್ಚಿಯಲ್ಲಿ ಅವಳು ಶಾಲೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು… ನೇರ ದೀಪದ ಕೆಳಗೆ.

ಜುಲೈ 5
ಊರಿಗೆ, ನಂದಗಡಕ್ಕೆ, ಫೋನ್ ಮಾಡಿ ಅವ್ವನಿಗೆ ಹೇಳಿದೆ. "ಹುಳದ ಸಲುವಾಗಿ ಜಗಳಾಡಿ ಬೀಳತಾವ ಅವ್ವಾ. ಅಕಿಗೆ ನೀ ಹಂಗ ಅನಬಾರದಿತ್ತು."
ಅವಳು ಭತ್ತದ ಮಾತು ತೆಗೆದಳು.

ಜುಲೈ 7, ರವಿವಾರ
ಬೆಳಗಾವಿ, ಶಹಾಪುರ. ಅತ್ತೆ ಚಹಾ ಕೊಟ್ಟು ಒಳಗೆ ಹೋದರು. ಪ್ರಮಿಳಾ ಸೊರಗಿದ್ದಾಳೆ. ಬಳೆ ಮೊಣಕೈತನಕ ಜಾರುತ್ತದೆ. ಹಲ್ಲಿಗಳದ್ದು ನೋಡಿದ್ದೆಲ್ಲ ಹೇಳಿದೆ, ಅವ್ವನ ಜೊತೆ ಆಡಿದ ಮಾತೂ. ಪೂರ್ತಿ ಕೇಳಿಸಿಕೊಂಡಳು.
"ಹಲ್ಲಿಯಿಂದ ಏನೂ ಆಗಿಲ್ಲಂತ ನನಗ ಗೊತ್ತಿತ್ತರೀ. ನೀವ್ಯಾಕ ಅವತ್ತ ಸುಮ್ಮನ ಕುಂತ್ರಿ?"
ತಪ್ಪಾಯಿತು ಅಂದೆ. ಬಾಗಿಲವರೆಗೆ ಬಂದಳು, ಅಷ್ಟೆ.
ವಾಪಸ್ ಬರುವಾಗ ಬಸ್ಸು ಖಾಲಿ. ಪಕ್ಕದ ಸೀಟಿನ ಮೇಲೆ ಸುಮ್ಮನೆ ಬ್ಯಾಗ್ ಇಟ್ಟುಕೊಂಡೆ.

ಜುಲೈ 19, ಶುಕ್ರವಾರ, 7.30
ಈಗ ಅವಳೇ ಫೋನ್ ಮಾಡಿದ್ದಳು. ಹನ್ನೆರಡು ದಿನದ ಮೇಲೆ. ಊಟ ಏನು ಅಂತ ಕೇಳಿದಳು. ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಅವರ ಮನೆಯ ಕುಕ್ಕರ್ ಸೀಟಿ ಎರಡು ಸಲ ಕೇಳಿಸಿತು.
"ಕೂಸಿಗೆ ನಾ ಒಂದು ಹೆಸರು ಇಟ್ಟಿದ್ದೆ. ಯಾರಿಗೂ ಹೇಳಿಲ್ಲ," ಅಂದಳು. "ರವಿವಾರ ಬರ್ರಿ. ಹೇಳತೀನಿ."
ಹೂಂ ಅಂದೆ. ಒಂದು ಮಾತು ಹೇಳಲಿಲ್ಲ— ನಾನೂ ಒಂದು ಹೆಸರು ಇಟ್ಟಿದ್ದೆ, ಅವಳಿಗೂ ಹೇಳದೆ. ಹೆಣ್ಣಾದರೆ ಅಂತ. ರವಿವಾರ ಹೇಳಬೇಕು.