ಹತ್ತಕ್ಕೆ ನಾಲ್ಕು

ಒಳಗಿರುವ ಅಕ್ಕನಿಗೆ, ಹೊರಗೆ ಕೂತ ತಮ್ಮನ ನಮಸ್ಕಾರ.

ಕ್ಷೇಮ ಎಂದು ಶುರುಮಾಡುವುದು ನಮ್ಮ ರೂಢಿ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ನಿನ್ನ ಮಂಚವನ್ನು ತಳ್ಳಿಕೊಂಡು ಹೋದ ಮೇಲೆ ಆಪರೇಷನ್ ಕೋಣೆಯ ಬಾಗಿಲು ಸ್ವಲ್ಪ ಹೊತ್ತು ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಅದನ್ನೇ ನೋಡುತ್ತ ನಿಂತಿದ್ದೆ. ಅದು ನಿಂತ ಮೇಲೆ ನನಗೆ ನೋಡಲು ಏನೂ ಉಳಿಯಲಿಲ್ಲ. ನಿನ್ನ ಕನ್ನಡಕವನ್ನೂ ಕೈಗಡಿಯಾರವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ. ಕನ್ನಡಕವಿಲ್ಲದೆ ನಿನಗೆ ಎದುರಿಗಿದ್ದವರ ಮುಖ ಕಾಣುವುದಿಲ್ಲ ಎಂದು ಅವರಿಗೆ ಹೇಳಬೇಕಿತ್ತು. ಅಲ್ಲಿ ಎಲ್ಲರೂ ಮುಖ ಮುಚ್ಚಿಕೊಂಡೇ ಇರುತ್ತಾರಲ್ಲ, ಕಂಡಾದರೂ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ನಿವೃತ್ತಿಯಾದ ಮೇಲಾದರೂ ಬಾ ಎಂದು ಎಷ್ಟೋ ಸಲ ಕರೆದ ಮೇಲೆ ನೀನು ಈ ದೇಶಕ್ಕೆ ಬಂದೆ. ಬಂದವಳು ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದೆ. ಕೇಳಿದರೆ ನೀರು ಬದಲಾಗಿದೆ, ಅಷ್ಟೇ ಅಂದೆ. ಇವತ್ತು ಬೆಳಿಗ್ಗೆ ನಾನು ಕೋಣೆಗೆ ಬಂದಾಗ ನೀನು ನನ್ನ ಬಟ್ಟೆ ಬೀರುವಿಗೆ ಹಣೆ ಒತ್ತಿ ನಿಂತಿದ್ದೆ. ಏನಾಯಿತು ಎಂದರೆ, "ಏನಿಲ್ಲ. ನಿನ್ನ ಬೀರು ವಾಲಿದೆ, ಹಿಡ್ಕೊಂಡಿದೀನಿ" ಅಂದೆ. ನಾನು ನಕ್ಕೆ. ಕೈಗೆತ್ತಿಕೊಂಡಿದ್ದ ನನ್ನ ಅಂಗಿಗಳನ್ನು ಮಡಿಸಿ ಮುಗಿಸುವ ತನಕ ನೀನು ಆಸ್ಪತ್ರೆಗೆ ಹೊರಡಲು ಒಪ್ಪಲಿಲ್ಲ, ನಾನೂ ಕಾದೆ. ನನ್ನ ಅಂಗಿಗಳು ಈಗ ಅಲ್ಲಿ ಸಾಲಾಗಿ ಕೂತಿರುತ್ತವೆ. ಮನೆಗೆ ಹೋಗಿ ಅವುಗಳನ್ನು ನೋಡುವ ಧೈರ್ಯ ನನಗಿಲ್ಲ.

ಇಲ್ಲಿ ಮೊದಲು ಸಿಗುವುದು ನರ್ಸ್. ಯಾರನ್ನು ಕೂಡಲೇ ಒಳಗೆ ಕಳಿಸಬೇಕು, ಯಾರು ಕಾಯಬಹುದು ಎಂದು ಅವಳೇ ತೀರ್ಮಾನಿಸುತ್ತಾಳೆ. ಹತ್ತಕ್ಕೆ ನೋವು ಎಷ್ಟು ಎಂದು ಕೇಳಿದಳು. ನಾನು ಕನ್ನಡಕ್ಕೆ ತಂದೆ. ನೀನು ತಲೆ ಒಂದು ಕಡೆ ಓರೆ ಮಾಡಿ ಯೋಚಿಸಿದೆ. ಟೀಚರಾಗಿದ್ದಾಗ ಉತ್ತರಪತ್ರಿಕೆ ತಿದ್ದುವಾಗಲೂ ನೀನು ಹಾಗೇ ಮಾಡುತ್ತಿದ್ದೆ. "ನಾಲ್ಕು" ಅಂದೆ. ಆಮೇಲೆ ದೊಡ್ಡ ಮನಸ್ಸು ಮಾಡಿದವಳಂತೆ, "ಬೇಕಾದ್ರೆ ನಾಲ್ಕೂವರೆ ಅನ್ನು" ಅಂದೆ. ನಾನು ನಾಲ್ಕು ಎಂದಷ್ಟೇ ಹೇಳಿದೆ. ನರ್ಸ್ ನಿನ್ನ ಕೈಗೆ ಹಸಿರು ಪಟ್ಟಿ ಸುತ್ತಿದಳು. ಹಸಿರು ಎಂದರೆ ಕಾಯಬಹುದು.

ಹೆಬ್ಬೆರಳು ಕುಯ್ದುಕೊಂಡಿದ್ದ ಒಬ್ಬ ಅಡುಗೆಯವನು ನಮ್ಮ ಪಕ್ಕದಲ್ಲಿ ಕೂತು ಲೋಕಕ್ಕೆಲ್ಲ ಕೇಳುವಂತೆ ನರಳುತ್ತಿದ್ದ. ಅವನನ್ನು ಕರೆದರು. ಪಾಪ, ಅವನನ್ನು ಮೊದಲು ನೋಡಲಿ ಎಂದು ನೀನು ಕಾಲು ಸರಿಸಿ ದಾರಿ ಬಿಟ್ಟೆ. ಸರಿಸಿದ ಕಾಲನ್ನು ಮತ್ತೆ ಎಳೆದುಕೊಳ್ಳಲು ನಿನಗೆ ಆಗಲಿಲ್ಲ. ಅದು ಅಲ್ಲೇ, ಯಾರದೋ ಕಾಲಿನ ಹಾಗೆ, ಉಳಿಯಿತು. ಆಗ ನನಗೆ ಹೊಳೆಯಿತು.

ನಾನು ನಿನ್ನ ಕ್ಲಾಸಿನಲ್ಲಿ ಓದಿದವನು. ಹುಡುಗರು ನಿನ್ನನ್ನು ಕತ್ತರಿ ಟೀಚರ್ ಅನ್ನುತ್ತಿದ್ದರು, ನಿನಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ನಿನ್ನ ಕೈಯಲ್ಲಿ ಹತ್ತಕ್ಕೆ ಏಳು ದಾಟಿದವರಿಲ್ಲ. ಎಲ್ಲ ಲೆಕ್ಕ ಸರಿ ಮಾಡಿದವನಿಗೂ ಆರು. ಅವನಪ್ಪ ಬಂದು ಕೇಳಿದಾಗ ನೀನು ಹೇಳಿದ್ದು ನೆನಪಿದೆ: "ಹತ್ತೂ ಕೊಟ್ಬಿಟ್ರೆ ಮುಂದಕ್ಕೆ ಹೋಗೋಕೆ ಜಾಗ ಎಲ್ಲಿರುತ್ತೆ ಸ್ವಾಮಿ?" ತಮ್ಮ ಎಂದು ನನಗೂ ರಿಯಾಯಿತಿ ಇರಲಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಪ್ರತಿ ಸಲ ಅರ್ಧ ಮಾರ್ಕು ಕಳೆಯುತ್ತಿದ್ದೆ.

ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವುದು ಇಲ್ಲಿ ನನ್ನ ಹೊಟ್ಟೆಪಾಡು. ಕಡಿಮೆ ತೋರಿಸುವ ತಕ್ಕಡಿಯನ್ನು ದೂರದಿಂದಲೇ ಗುರುತಿಸುತ್ತೇನೆ ಎಂಬ ಜಂಬವೂ ಇದೆ. ಪಕ್ಕದಲ್ಲೇ ಕೂತವಳನ್ನು ಗುರುತಿಸಲಿಲ್ಲ.

ನರ್ಸ್ ಹತ್ತಿರ ಓಡಿ, ನಮ್ಮಕ್ಕನ ನಾಲ್ಕು ನಾಲ್ಕಲ್ಲ, ಅವಳು ಕೊಡುವುದೇ ಹಾಗೆ ಎಂದೆ. ಅವಳು ಒರಟಾಗಿಯೇನೂ ಮಾತಾಡಲಿಲ್ಲ. ನೋವು ಅವರದು, ಹೇಳಬೇಕಾದವರೂ ಅವರೇ ಎಂದಳು. ನನ್ನ ಹಿಂದೆ ಸಾಲು ಬೆಳೆದಿತ್ತು. ವಾಪಸು ಬಂದು ನಿನ್ನ ಮುಂದೆ ಮಂಡಿಯೂರಿ, ಸರಿಯಾಗಿ ಮಾರ್ಕು ಹಾಕು, ಇವರು ಅದನ್ನು ನೋಡಿಯೇ ಕರೆಯುವುದು ಎಂದೆ.

"ಶಿಫಾರಸಿಗೆ ಬಂದ್ಯಾ?" ಅಂದೆ. "ಬುದ್ಧಿ ಹೋಗ್ಲಿಲ್ಲ ನಿಂದು." ನಿನ್ನ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಆಮೇಲೆ ನೀನು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡೆ. ಎದುರು ಗೋಡೆಯನ್ನು ನೋಡುತ್ತ, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ, "ಒಂಬತ್ತು ಕಣೋ" ಅಂದೆ.

ನಾನು ಕೇಳಿದ್ದೇ ಅದನ್ನು. ಆದರೆ ನೀನು ಯಾರಿಗೂ ಒಂಬತ್ತು ಕೊಟ್ಟವಳಲ್ಲ. ಮುಂದಕ್ಕೆ ಹೋಗಲು ಇನ್ನು ಒಂದೇ ಒಂದು ಜಾಗ ಉಳಿದಿದೆ ಎಂದು ನೀನೇ ಹೇಳಿದಂತಾಯಿತು. ಎದ್ದು ನರ್ಸ್ ಕಡೆ ತಿರುಗಿ "ಒಂಬತ್ತು, ಒಂಬತ್ತು" ಎಂದು ಕೂಗಿದೆನಂತೆ, ಕನ್ನಡದಲ್ಲಿ. ಇಷ್ಟು ವರ್ಷ ಇಲ್ಲಿನ ಭಾಷೆಯಲ್ಲೇ ಕನಸು ಕಂಡವನು. ಅವಳಿಗೆ ಅರ್ಥವಾಗುವ ಮಾತಲ್ಲ. ನನ್ನ ಮುಖ ನೋಡಿ ಮೇಜು ಬಿಟ್ಟು ಬಂದಳು.

ಅಲ್ಲಿಂದ ಮುಂದೆ ಎಲ್ಲರೂ ಬೇಗ ಬೇಗ ನಡೆದರು. ಆ ಬೇಗವೇ ನನ್ನನ್ನು ಹೆಚ್ಚು ಹೆದರಿಸಿತು. ಸರ್ಜನ್ ನಿನ್ನ ಮಂಚದ ಪಕ್ಕ ನಿಂತು ತುಂಬಾ ಹೊತ್ತು ಮಾತಾಡಿದ. ನಾನು, ಹೊಟ್ಟೆಯಲ್ಲಿ ಸ್ವಲ್ಪ ಕೀವಾಗಿದೆ, ಚಿಕ್ಕ ಆಪರೇಷನ್ ಮಾಡ್ತಾರೆ ಎಂದೆ. ನೀನು ಕನ್ನಡಕವಿಲ್ಲದ ಕಣ್ಣಿನಿಂದ ನನ್ನತ್ತ ನೋಡಿ, "ಅವ್ರು ಅಷ್ಟುದ್ದ ಹೇಳಿದ್ರು, ನೀನು ಎರಡೇ ಸಾಲು ಬರೆದಿದೀಯ. ಮಿಕ್ಕಿದ್ದೆಲ್ಲಿ?" ಅಂದೆ. ಅಷ್ಟರಲ್ಲಿ ಮಂಚ ಹೊರಟಿತು.

ಮಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪೆಂಡಿಕ್ಸ್ ಒಡೆದಿದೆ. ವಿಷ ಹೊಟ್ಟೆಯಲ್ಲೆಲ್ಲ ಹರಡಿದೆ. ಇನ್ನೂ ಮೊದಲೇ ಬಂದಿದ್ದರೆ ಬೇರೆ ಮಾತು. ಈ ವಯಸ್ಸಿಗೆ ಹೃದಯ ತಡೆಯುತ್ತದೋ ಇಲ್ಲವೋ ಮಾತು ಕೊಡಲಾರೆ ಎಂದ. ಸರ್ಜನ್ ಹೇಳಿದ್ದು ಇಷ್ಟು. ಅವನು ಹೇಳದೆ ಉಳಿದದ್ದೂ ಒಂದಿದೆ, ಅದು ನನ್ನ ಪಾಲಿನ ಉತ್ತರ: ಅಕ್ಕಾ, ನನಗೆ ತುಂಬಾ ಭಯವಾಗುತ್ತಿದೆ. ಅಕ್ಷರವೂ ಎಂದಿಗಿಂತ ಕೆಟ್ಟಿದೆ. ಇನ್ನೂ ಅರ್ಧ ಮಾರ್ಕು ಕಳೆ.

ಬಾಗಿಲು ಈಗ ಒಮ್ಮೆ ಆಡಿತು. ಎದ್ದು ನಿಂತೆ. ಯಾರೋ ಖಾಲಿ ಗಾಡಿ ತಂದರು, ನಿನಗೆ ಸಂಬಂಧಿಸಿದ್ದಲ್ಲವಂತೆ. ಕೂತೆ.

ಎಚ್ಚರವಾದ ಕೂಡಲೇ ನಿನ್ನನ್ನು ಮತ್ತೆ ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರಂತೆ. ಆಗ ನಿನ್ನ ಹಳೆಯ ಜಿಪುಣತನ ಪೂರ್ತಿ ವಾಪಸು ಬಂದಿರಲಿ. ತಲೆ ಓರೆ ಮಾಡು. ನಾಲ್ಕು ಅನ್ನು. ಅರ್ಧ ಸೇರಿಸಿದರೆ ಈ ಸಲ ಆ ಅರ್ಧವನ್ನೂ ಬಿಡದೆ ಹೇಳುತ್ತೇನೆ.

ಚಿಕ್ಕವರು ದೊಡ್ಡವರನ್ನು ಹರಸಬಾರದು ಎನ್ನುತ್ತಾರೆ. ಇಲ್ಲಿ ನಮ್ಮವರು ಬೇರೆ ಯಾರೂ ಇಲ್ಲದ್ದರಿಂದ ನಾನೇ ಹರಸುತ್ತಿದ್ದೇನೆ. ಬದುಕು ಅಕ್ಕಾ. ಬದುಕಿ ಬಂದು ಇದನ್ನು ತಿದ್ದು.

ಕನ್ನಡಕ ಒರೆಸಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತಿರುವ,
ನಿನ್ನ ಕೋಳಿಕಾಲಿನ ಅಕ್ಷರದ ತಮ್ಮ